ರಾಕ್ ಸಂಗೀತದ ಇತಿಹಾಸ ಹೇಳುವ ಸಾಕ್ಷ್ಯಚಿತ್ರಗಳು: ನೋಡಿದ ಮೇಲೆ ನಿಮ್ಮ ಕಿವಿಗೆ ಹೊಸದಾಗಿ ಸಿಕ್ಕಿದ್ದೇನು?

ಕಪ್ಪುತಟ್ಟೆ ಬರೆದದ್ದು:

ಕಳೆದ ಎರಡು ವಾರಗಳಲ್ಲಿ ರಾಕ್ ಸಂಗೀತದ ಇತಿಹಾಸವನ್ನು ಹೇಳುವ ಟಿವಿ ಸಾಕ್ಷ್ಯಚಿತ್ರಗಳನ್ನು ಒಂದರ ಹಿಂದೊಂದು ನೋಡಿದೆ. ಆರಂಭಿಸಿದ್ದು ಬಿಬಿಸಿ 2007ರಲ್ಲಿ ಪ್ರಸಾರ ಮಾಡಿದ ‘ಸೆವೆನ್ ಏಜಸ್ ಆಫ್ ರಾಕ್’ ಎಂಬ ಏಳು ಕಂತುಗಳ ಸರಣಿಯಿಂದ. ಅರವತ್ತರ ದಶಕದ ಬ್ರಿಟನ್ನಿನಲ್ಲಿ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ಗೆ ಮನಸೋತ ಹುಡುಗರಿಂದ ಹೊರಟು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಆರ್ಟ್ ರಾಕ್, ಪಂಕ್, ಹೆವಿ ಮೆಟಲ್, ಕ್ರೀಡಾಂಗಣಗಳನ್ನೇ ತುಂಬಿಸಿದ ತಂಡಗಳು ಎಂದು ಸಾಗುತ್ತಾ ಅದು ಬ್ರಿಟನ್ನಿನ ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ) ತಂಡಗಳವರೆಗೆ ಬರುತ್ತದೆ. ಹಳೆಯ ವೇದಿಕೆಗಳ ದೃಶ್ಯಗಳನ್ನು ಅಷ್ಟೊಂದು ಪ್ರಮಾಣದಲ್ಲಿ ಒಟ್ಟಿಗೆ ನೋಡುವ ಸಂತೋಷವೇ ಬೇರೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಆದರೆ ಈ ಚರ್ಚೆಯನ್ನು ಆರಂಭಿಸುವಂತೆ ಮಾಡಿದ್ದು ಆಮೇಲೆ ನೋಡಿದ ಇನ್ನೊಂದು ಚಿತ್ರ. ‘ಕ್ಲಾಸಿಕ್ ಆಲ್ಬಮ್ಸ್’ ಎಂಬ ಸರಣಿಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಕುರಿತು 2003ರಲ್ಲಿ ಬಂದ ಕಂತು ಅದು. 1973ರ ಆ ಆಲ್ಬಮ್ ಅನ್ನು ನಾನು ನೂರಾರು ಸಲ ಕೇಳಿದ್ದೇನೆ ಎಂಬ ಧೈರ್ಯದಿಂದಲೇ ನೋಡಲು ಕುಳಿತಿದ್ದೆ. ಧ್ವನಿಮುದ್ರಣ ಮಾಡಿದ ಎಂಜಿನಿಯರ್ ಅಲನ್ ಪಾರ್ಸನ್ಸ್ ಬೇರೆ ಬೇರೆ ಸದ್ದುಗಳನ್ನು ಬೆರೆಸುವ ಮಿಕ್ಸರ್ ಯಂತ್ರದ ಮುಂದೆ ಕುಳಿತು, ಒಂದೊಂದು ಸದ್ದನ್ನೂ ಏರಿಸಿ ಇಳಿಸುವ ಜಾರುಗುಂಡಿಗಳಾದ ಫೇಡರ್‌ಗಳನ್ನೆಲ್ಲ ಕೆಳಗಿಳಿಸಿ, ಬೇಕಾದ ಒಂದನ್ನು ಮಾತ್ರ ಬೆರಳ ತುದಿಯಿಂದ ಮೆಲ್ಲಗೆ ಮೇಲಕ್ಕೆ ಸರಿಸುತ್ತಾರೆ. ಅಲ್ಲಿಯವರೆಗೆ ಒಂದೇ ಹೆಣಿಗೆಯಾಗಿ ಕೇಳುತ್ತಿದ್ದ ಹಾಡಿನಿಂದ ಒಂದು ಎಳೆ ಬಿಡಿಯಾಗಿ ಹೊರಬರುತ್ತದೆ. ಗಾಯಕನ ಉಸಿರು, ತಂತಿಯ ಮೇಲೆ ಬೆರಳು ಜಾರುವ ಸದ್ದು, ಕೊಠಡಿಯ ಗಾಳಿ, ಇವೆಲ್ಲ ಇಷ್ಟು ದಿನ ಅಲ್ಲೇ ಇದ್ದವು. ನನ್ನ ಕಿವಿಗೆ ಬಿದ್ದಿರಲಿಲ್ಲ. ಅದೇ ಚಿತ್ರದಲ್ಲಿ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರು ‘ಬ್ರೀದ್’ ಹಾಡಿನಲ್ಲಿ ತಾವು ಬಳಸಿದ ಒಂದು ಸ್ವರಗುಚ್ಛ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನಿಂದ ಬಂದದ್ದೆಂದು ಹೇಳುತ್ತಾರೆ. ಎರಡು ಬೇರೆ ಬೇರೆ ಲೋಕಗಳೆಂದು ನಾನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದ ಎರಡು ಆಲ್ಬಮ್‌ಗಳು ಒಂದೇ ಸ್ವರಗುಚ್ಛದಲ್ಲಿ ಕೈಕುಲುಕಿದವು.

ಆಮೇಲೆ ‘ಮನಿ’ ಹಾಡಿನ ಆರಂಭದ ಸದ್ದುಗಳು. ನಾಣ್ಯಗಳ ಝಣತ್ಕಾರ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಗಂಟೆ, ಇವು ಒಂದೊಂದನ್ನೂ ಪ್ರತ್ಯೇಕವಾಗಿ ಮುದ್ರಿಸಿ, ಟೇಪಿನ ತುಂಡುಗಳನ್ನು ಅಳತೆಪಟ್ಟಿ ಹಿಡಿದು ಸಮನಾಗಿ ಕತ್ತರಿಸಿ, ಅಂಟಿಸಿ, ಬಳೆಯಂತೆ ಸುತ್ತುವ ಹಾಗೆ ಮಾಡಿದ್ದರು. ನಮ್ಮ ಮಿಶ್ರಛಾಪಿನಂತೆ ಏಳರ ಎಣಿಕೆಯಲ್ಲಿ ನಡೆಯುವ ಆ ಹಾಡಿನ ಲಯವನ್ನು ಮೊದಲು ಹಿಡಿದವರು ಡ್ರಮ್ಸ್ ವಾದಕರಲ್ಲ, ಕತ್ತರಿ ಮತ್ತು ಅಂಟುಪಟ್ಟಿ ಎಂಬುದು ತಿಳಿದ ಮೇಲೆ ನನಗೆ ಆ ಹಾಡು ಬೇರೆಯೇ ಆಗಿಬಿಟ್ಟಿದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಯಾವ ತಂಡ ಯಾವಾಗ ಜಗಳವಾಡಿತು, ಯಾರು ಯಾವ ಹೋಟೆಲಿನ ಕಿಟಕಿಯಿಂದ ಟಿವಿ ಎಸೆದರು ಎಂಬ ಕಥೆಗಳು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿವೆ. ಸಾಕ್ಷ್ಯಚಿತ್ರ ಮಾತ್ರ ಮಾಡಬಲ್ಲ ಕೆಲಸವೆಂದರೆ, ಹಾಡನ್ನು ನಮ್ಮ ಕಣ್ಣೆದುರು ಬಿಚ್ಚಿ, ಅದು ಹೇಗೆ ಕೂಡಿಬಂತೆಂದು ಕೇಳಿಸುವುದು. ಹಾಗೆ ಬಿಚ್ಚಿ ತೋರಿಸಿದ ಚಿತ್ರಗಳಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿದಿರುವುದು ಯಾವುದು? ದಯವಿಟ್ಟು ವಿವರವಾಗಿ ಬರೆಯಿರಿ.


ಬೇರುನೀರು ಬರೆದದ್ದು:

ಕಪ್ಪುತಟ್ಟೆಯವರೇ, ನಿಮ್ಮ ಬರಹ ಸೊಗಸಾಗಿದೆ. ಆದರೂ ಒಂದು ಮಾತಿಗೆ ನನ್ನ ಸಹಮತವಿಲ್ಲ. ಹಾಡು ಹೇಗೆ ಕೂಡಿಬಂತು ಎಂಬ ಪ್ರಶ್ನೆಯ ಜೊತೆಗೇ ಆ ಹಾಡು ಯಾರದಾಗಿತ್ತು ಎಂಬ ಪ್ರಶ್ನೆಯನ್ನೂ ಸಾಕ್ಷ್ಯಚಿತ್ರ ಕೇಳಬೇಕು. ನೀವು ಹೇಳಿದ ಬಿಬಿಸಿ ಸರಣಿಯ ಮೊದಲ ಕಂತು 1963ರ ಆಸುಪಾಸಿನ ಬ್ರಿಟನ್ನಿನಲ್ಲಿ ಆರಂಭವಾಗುತ್ತದೆ. ಬ್ಲೂಸ್‌ನ ಋಣವನ್ನು ಅವರು ಒಪ್ಪಿಕೊಳ್ಳುತ್ತಾರೆ, ನಿಜ. ಆದರೆ ಇತಿಹಾಸವನ್ನು ಎಲ್ಲಿಂದ ಆರಂಭಿಸುತ್ತೇವೆ ಎಂಬುದರಲ್ಲೇ ಯಾರು ನಾಯಕರು, ಯಾರು ಹಿನ್ನೆಲೆ ಎಂಬುದು ತೀರ್ಮಾನವಾಗಿಬಿಡುತ್ತದೆ.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರನ್ನು ನೆನೆಯಿರಿ. ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುತ್ತಾ ಹಾಡಿದ ಈ ಕಪ್ಪು ಮಹಿಳೆ 1944ರಲ್ಲಿ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಹಾಡನ್ನು ಕೇಳಿದರೆ, ಮುಂದಿನ ದಶಕದ ರಾಕ್ ಅಂಡ್ ರೋಲ್ ಆಗಲೇ ಅದರೊಳಗೆ ಕುಣಿಯುತ್ತಿರುವುದು ಕೇಳಿಸುತ್ತದೆ. 1964ರ ಮೇ ತಿಂಗಳಲ್ಲಿ ಗ್ರನಾಡಾ ಟಿವಿ ಅವರನ್ನು ಮ್ಯಾಂಚೆಸ್ಟರಿನ ಒಂದು ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಹಾಡಿಸಿತು. ಒಂದು ಪ್ಲಾಟ್‌ಫಾರ್ಮಿನಲ್ಲಿ ಬ್ರಿಟಿಷ್ ಹುಡುಗ ಹುಡುಗಿಯರು ಕುಳಿತಿದ್ದಾರೆ, ಹಳಿಗಳ ಆಚೆಗಿನ ಇನ್ನೊಂದು ಪ್ಲಾಟ್‌ಫಾರ್ಮ್ ವೇದಿಕೆ. ಮಳೆ ಬಂದಿದೆ. ಥಾರ್ಪ್ ಕುದುರೆಗಾಡಿಯಿಂದ ಇಳಿದು, ಕೋಟು ತೊಟ್ಟೇ ಒದ್ದೆ ನೆಲದ ಮೇಲೆ ನಡೆದು ಬಂದು, ಬಿಳಿಯ ಗಿಟಾರನ್ನು ಹೆಗಲಿಗೇರಿಸಿ, ಆ ಹವಾಮಾನಕ್ಕೆ ತಕ್ಕಂತೆ ಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾರೆ. ಹಾಡಿನ ನಡುವೆ ಅವರು ತಂತಿ ಮೀಟುವ ರಭಸವನ್ನು ಕಂಡವರಿಗೆ ರಾಕ್ ಗಿಟಾರ್ ಎಲ್ಲಿಂದ ಬಂತೆಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ. ಅವರು 1973ರಲ್ಲೇ ತೀರಿಕೊಂಡಿದ್ದರು.

‘ಹೌಂಡ್ ಡಾಗ್’ ಹಾಡನ್ನು 1952ರಲ್ಲಿ ಮೊದಲು ಮುದ್ರಿಸಿದವರು ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್. ಎಲ್ವಿಸ್ ಪ್ರೆಸ್ಲಿ ಹಾಡಿದ್ದು 1956ರಲ್ಲಿ. ಬ್ರಿಟನ್ನಿನ ಲೆಡ್ ಝೆಪ್ಲಿನ್ ತಂಡದ 1969ರ ‘ಹೋಲ್ ಲಾಟಾ ಲವ್’ ಹಾಡಿನ ಸಾಲುಗಳು ಅಮೆರಿಕದ ಬ್ಲೂಸ್ ಕಲಾವಿದ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಹಾಡಿನಿಂದ ಬಂದವು. ಡಿಕ್ಸನ್ 1985ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು, 1987ರಲ್ಲಿ ಹೊರಗೇ ರಾಜಿಯಾಯಿತು. ಫೇಡರ್ ಎತ್ತಿ ಗಿಟಾರಿನ ಸದ್ದನ್ನು ಎಷ್ಟೇ ಚೆನ್ನಾಗಿ ಕೇಳಿಸಿದರೂ ಈ ಕಥೆ ಆ ಟೇಪಿನಲ್ಲಿ ಇರುವುದಿಲ್ಲ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.


ತಂತಿಮೀಟು ಬರೆದದ್ದು:

ನಾನು ಗಿಟಾರ್ ನುಡಿಸುವವನು. ಆದ್ದರಿಂದ ಈ ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ಮುಖಗಳ ಮೇಲೆ ನಿಲ್ಲುವುದಿಲ್ಲ, ಬೆರಳುಗಳ ಮೇಲೆ ಮತ್ತು ಹಿಂದೆ ನಿಲ್ಲಿಸಿದ ಆಂಪ್ಲಿಫೈಯರ್‌ಗಳ ಮೇಲೆ ನಿಲ್ಲುತ್ತದೆ. ರಾಕ್ ಇತಿಹಾಸವನ್ನು ಒಡೆದ ಸದ್ದಿನ ಇತಿಹಾಸವೆಂದೇ ಹೇಳಬಹುದು ಎಂಬುದು ನನ್ನ ಬಹುದಿನಗಳ ನಂಬಿಕೆ. ಇಬ್ಬರ ಮಾತನ್ನೂ ಸೇರಿಸಬಲ್ಲ ದಾರಿ ಅದೇ ಎಂದು ತೋರುತ್ತದೆ.

1951ರ ಮಾರ್ಚ್ ತಿಂಗಳು. ಐಕ್ ಟರ್ನರ್ ಅವರ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್‌ಗೆ ಕಾರಿನಲ್ಲಿ ಬರುತ್ತಿದ್ದಾಗ ಗಿಟಾರ್ ಆಂಪ್ಲಿಫೈಯರಿಗೆ ಪೆಟ್ಟಾಯಿತು. ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೊದಲ್ಲಿ ತೆರೆದು ನೋಡಿದರೆ ಸ್ಪೀಕರಿನೊಳಗೆ ಕಂಪಿಸಿ ಸದ್ದು ಹೊರಡಿಸುವ ಕೋನ್ ಹರಿದಿದೆ. ಹೊಸದನ್ನು ತರಲು ಸಮಯವಿಲ್ಲ. ಒಳಗೆ ಕಾಗದ ತುರುಕಿ ಹಾಗೆಯೇ ನುಡಿಸಿದರು. ಸ್ವರ ಒಡೆದು, ಗೊರಗೊರ ಎನ್ನುತ್ತಾ, ಸ್ಯಾಕ್ಸೊಫೋನಿನ ಹತ್ತಿರಕ್ಕೆ ಹೋದಂತೆ ಕೇಳಿಸಿತು. ‘ರಾಕೆಟ್ 88’ ಎಂಬ ಆ ಹಾಡನ್ನು ಬಹಳ ಜನ ಮೊದಲ ರಾಕ್ ಅಂಡ್ ರೋಲ್ ಧ್ವನಿಮುದ್ರಿಕೆಯೆಂದು ಎಣಿಸುತ್ತಾರೆ. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ಮುಖ್ಯವೆನಿಸುವುದು, ಆ ಕೊಠಡಿಯಲ್ಲಿದ್ದವರು ಒಡೆದ ಸದ್ದನ್ನು ಕೇಳಿ, ಇದು ಚೆನ್ನಾಗಿದೆ, ಇರಲಿ ಎಂದರಲ್ಲ, ಆ ಕ್ಷಣ.

1964ಕ್ಕೆ ಬನ್ನಿ. ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್, ಹದಿಹರೆಯದ ಹುಡುಗ, ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬೇಕೆಂದೇ ರೇಜರ್ ಬ್ಲೇಡಿನಿಂದ ಸೀಳುತ್ತಾನೆ. ಆಕಸ್ಮಿಕವಾಗಿ ಬಂದದ್ದು ಈಗ ಉದ್ದೇಶವಾಯಿತು. ಮರುವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಬಳಸಿದ್ದು ಅಂಗಡಿಯಲ್ಲಿ ದೊರೆಯುತ್ತಿದ್ದ, ಕಾಲಿನಿಂದ ಒತ್ತಿ ಸದ್ದನ್ನು ಒಡೆಯುವ ಫಝ್ ಪೆಡಲ್. ಹಿತ್ತಾಳೆ ವಾದ್ಯಗಳು ಮುಂದೆ ನುಡಿಸಬೇಕಾದ ಸ್ವರಗಳನ್ನು ಗುರುತು ಹಾಕಿಕೊಳ್ಳಲೆಂದು ಅವರು ಅದನ್ನು ಮುದ್ರಿಸಿದ್ದರು, ಕೊನೆಗೆ ಆ ಗುರುತೇ ಹಾಡಾಗಿ ಉಳಿಯಿತು. ಹರಿದ ಕೋನ್‌ನಿಂದ ಮಾರಾಟದ ಪೆಡಲ್‌ವರೆಗೆ ಹದಿನಾಲ್ಕೇ ವರ್ಷ.

ಇನ್ನು ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ. ತಗಡಿನ ಕಾರ್ಖಾನೆಯಲ್ಲಿ ಕೆಲಸ ಬಿಡಬೇಕಿದ್ದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಅದಕ್ಕೆ ತೊಗಲು ಅಂಟಿಸಿದರು, ತೆಳುವಾದ ತಂತಿಗಳನ್ನು ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಬ್ಲ್ಯಾಕ್ ಸಬಾತ್‌ನ ಆ ಭಾರವಾದ, ನೆಲಕ್ಕೆ ತಾಗುವಂತಹ ನಾದದ ಹಿಂದೆ ಈ ಬೆರಳುಗಳ ನೋವೂ ಇದೆ. ಸಾಕ್ಷ್ಯಚಿತ್ರಗಳಲ್ಲಿ ಅಯೋಮಿ ಆ ಟೊಪ್ಪಿಗೆಗಳನ್ನು ಕ್ಯಾಮೆರಾಗೆ ತೋರಿಸುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಹೆಂಡ್ರಿಕ್ಸ್ ಅವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. 1969ರ ಆಗಸ್ಟ್ 18ರ ಬೆಳಗ್ಗೆ, ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಬಂದಿದ್ದ ಲಕ್ಷಾಂತರ ಜನರಲ್ಲಿ ಬಹುಪಾಲು ಮರಳಿ ಹೊರಟಿದ್ದಾಗ, ಅವರು ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದರು. ಗೀತೆಯಲ್ಲಿ ಬಾಂಬುಗಳ ಮಾತು ಬರುವ ಕಡೆ ಸ್ವರ ಕಿರುಚುತ್ತದೆ, ಜಾರುತ್ತದೆ, ಸಿಡಿಯುತ್ತದೆ. ನುಡಿಸುತ್ತಿದ್ದವರು ಸ್ವತಃ ಅಮೆರಿಕದ ಸೇನೆಯ ಪ್ಯಾರಾಚೂಟ್ ಪಡೆಯಲ್ಲಿದ್ದವರು ಎಂಬುದನ್ನು ತಿಳಿದು ಆ ದೃಶ್ಯವನ್ನು ನೋಡಬೇಕು. ಯಾವ ವ್ಯಾಖ್ಯಾನವೂ ಇಲ್ಲದೆ ಆ ಮೂರೂ ಮುಕ್ಕಾಲು ನಿಮಿಷವನ್ನು ಪೂರ್ತಿಯಾಗಿ ತೋರಿಸುವ ಚಿತ್ರ ನನ್ನ ಪಾಲಿಗೆ ಒಳ್ಳೆಯ ಚಿತ್ರ. ನಡುವೆ ಕತ್ತರಿಸಿ ಯಾರದೋ ಅಭಿಪ್ರಾಯ ತೂರಿಸುವುದನ್ನು ಮಾತ್ರ ನಾನು ಸಹಿಸಲಾರೆ.


ಮೊದಲಕೇಳುಗ ಬರೆದದ್ದು:

ನಾನು ಈ ಸಂಗೀತಕ್ಕೆ ಹೊಸಬ. ಒಂದು ಪ್ರಶ್ನೆಯಿದೆ. ‘ಕ್ಲಾಸಿಕ್ ರಾಕ್’ ಎಂದರೆ ನಿರ್ದಿಷ್ಟವಾಗಿ ಯಾವುದು? ಒಂದು ಚಿತ್ರದಲ್ಲಿ ಬೀಟಲ್ಸ್‌ನಿಂದ ಆರಂಭಿಸುತ್ತಾರೆ, ಇನ್ನೊಂದರಲ್ಲಿ ಚಕ್ ಬೆರಿಯಿಂದ. ಒಂದರಲ್ಲಿ ಪಂಕ್ ಸೇರಿದೆ, ಇನ್ನೊಂದರಲ್ಲಿ ಇಲ್ಲ. ಇದು ಕಾಲದ ಹೆಸರೋ, ಶೈಲಿಯ ಹೆಸರೋ?


ನಡುರಾತ್ರಿ ರೇಡಿಯೊ ಬರೆದದ್ದು:

ಎರಡೂ ಅಲ್ಲ, ಅದು ರೇಡಿಯೊದವರು ಇಟ್ಟ ಹೆಸರು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಈ ಹಾಡುಗಳನ್ನು ಮಾಡಿದವರಾರೂ ತಾವು ‘ಕ್ಲಾಸಿಕ್ ರಾಕ್’ ಮಾಡುತ್ತಿದ್ದೇವೆಂದು ಹೇಳಿಕೊಂಡಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಎಫ್‌ಎಂ ಕೇಂದ್ರಗಳು, ತಮ್ಮ ಕೇಳುಗರು ಹದಿಹರೆಯ ದಾಟಿ ಸಂಸಾರವಂತರಾದುದನ್ನು ಕಂಡು, ಅವರು ಹುಡುಗರಾಗಿದ್ದಾಗ ಕೇಳಿದ ಹಾಡುಗಳನ್ನೇ ದಿನವಿಡೀ ಹಾಕುವ ಪದ್ಧತಿಯನ್ನು ಆರಂಭಿಸಿದವು. ಆ ಪದ್ಧತಿಯ ಹೆಸರೇ ಸಂಗೀತದ ಹೆಸರಾಗಿ ನಿಂತಿತು. ಆದ್ದರಿಂದ ಅದರ ಗಡಿ ಯಾವಾಗಲೂ ಸರಿಯುತ್ತಿರುತ್ತದೆ. ತೊಂಬತ್ತರ ದಶಕದ ನಿರ್ವಾಣ ತಂಡವನ್ನೂ ಈಗ ಅದೇ ಬೇಲಿಯೊಳಗೆ ಸೇರಿಸುವ ಕೇಂದ್ರಗಳಿವೆ.

ಇದಕ್ಕೂ ಹಿಂದಿನ ಒಂದು ಸಂಗತಿ ಸಾಕ್ಷ್ಯಚಿತ್ರಗಳಲ್ಲಿ ತೀರಾ ಕಡಿಮೆ ಬರುತ್ತದೆ, ಆದ್ದರಿಂದ ಇಲ್ಲಿ ಹೇಳುತ್ತೇನೆ. ಅಮೆರಿಕದ ಸಂವಹನ ಆಯೋಗವು ಅರವತ್ತರ ದಶಕದ ನಡುವೆ ಒಂದು ನಿಯಮ ಮಾಡಿತು: ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಒಬ್ಬರೇ ಮಾಲೀಕರ ಎಎಂ ಮತ್ತು ಎಫ್‌ಎಂ ಕೇಂದ್ರಗಳಿದ್ದರೆ, ಎಎಂನಲ್ಲಿ ಬಂದದ್ದನ್ನೇ ಎಫ್‌ಎಂನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಕುವಂತಿಲ್ಲ. ಮಾಲೀಕರಿಗೆ ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಖಾಲಿ ಸಮಯ ಉಳಿಯಿತು. ಎಫ್‌ಎಂನ ಸಮಯವನ್ನು ಹೇಗೆ ತುಂಬಬಹುದೆಂದು ತೋರಿಸಿದವರು 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಕುಳಿತ ಟಾಮ್ ಡೊನಾಹ್ಯೂ ಅವರಂಥವರು. ಮೂರು ನಿಮಿಷದ ಹಾಡುಗಳ ಕಟ್ಟುಪಾಡನ್ನು ಬಿಟ್ಟು, ಹತ್ತು ನಿಮಿಷದ ಹಾಡನ್ನೂ ಎಲ್‌ಪಿ ತಟ್ಟೆಯ ಇಡೀ ಒಂದು ಮಗ್ಗುಲನ್ನೂ ಹಾಕತೊಡಗಿದರು. ಒಂದು ಮಗ್ಗುಲಿಗೆ ಸುಮಾರು 22 ನಿಮಿಷ ಹಿಡಿಯುವ ಎಲ್‌ಪಿ 1948ರಿಂದಲೇ ಇತ್ತು. ರಾಕ್ ತಂಡಗಳು ಆ 22 ನಿಮಿಷವನ್ನು ಒಂದೇ ಅಖಂಡ ಹಾಳೆಯಂತೆ ಕಾಣುವ ಧೈರ್ಯ ಮಾಡಿದ್ದರಲ್ಲಿ, ಹಾಗೆ ಮಾಡಿದರೆ ರಾತ್ರಿ ಹೊತ್ತು ಹಾಕುವವರು ಇದ್ದಾರೆ ಎಂಬ ಭರವಸೆಯ ಪಾಲೂ ಇದೆ. ಸರ್ಕಾರಿ ಕಡತದ ಒಂದು ನಿಯಮ ಹಾಡುಗಳ ಉದ್ದವನ್ನೇ ಬದಲಿಸಿದ ಈ ಕಥೆಯನ್ನು ಯಾರಾದರೂ ಒಂದು ಕಂತಾಗಿ ಮಾಡಬೇಕೆಂದು ನನಗೆ ಬಹಳ ಆಸೆ.


ರೀಲುಸುರುಳಿ ಬರೆದದ್ದು:

ನಾನು ಧ್ವನಿಮುದ್ರಣದ ಕೆಲಸದಲ್ಲಿ ಬಹಳ ವರ್ಷ ಇದ್ದವನಾದ್ದರಿಂದ ಕಪ್ಪುತಟ್ಟೆಯವರ ಪಕ್ಷಕ್ಕೆ ಹೆಚ್ಚು ವಾಲುತ್ತೇನೆ. ಆದರೂ ಬೇರುನೀರು ಅವರು ಎತ್ತಿದ ಪ್ರಶ್ನೆಯೂ ಅದೇ ಟೇಪಿನಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಲೆಡ್ ಝೆಪ್ಲಿನ್‌ನ ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡು ‘ವೆನ್ ದ ಲೆವಿ ಬ್ರೇಕ್ಸ್’. ಅದರ ಡ್ರಮ್ಸ್ ಮುದ್ರಣವಾದದ್ದು ಸ್ಟುಡಿಯೊದಲ್ಲಲ್ಲ, ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿರುವ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ. 1795ರಲ್ಲಿ ಬಡವರಿಗಾಗಿ ಕಟ್ಟಿದ ಆಶ್ರಮವದು. ಜಾನ್ ಬಾನ್ಹಮ್ ಅವರ ಡ್ರಮ್ಸ್ ಅನ್ನು ಮೆಟ್ಟಿಲುಗಳ ಬುಡದಲ್ಲಿ, ಎತ್ತರದ ಹಜಾರದ ನಡುವೆ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಿನ ಮಹಡಿಯ ಕಟಕಟೆಯಿಂದ ಕೆಳಕ್ಕೆ ತೂಗಬಿಟ್ಟರು. ಸಾಮಾನ್ಯವಾಗಿ ಡ್ರಮ್ಸ್‌ಗೆ ಮೈಕನ್ನು ಎಷ್ಟು ಹತ್ತಿರ ಇಡಬಹುದೋ ಅಷ್ಟು ಹತ್ತಿರ ಇಡುವುದು ವಾಡಿಕೆ. ಇಲ್ಲಿ ಡ್ರಮ್ಮಿನ ಜೊತೆಗೆ ಗೋಡೆ, ಮೆಟ್ಟಿಲು, ಛಾವಣಿ ಎಲ್ಲವೂ ನುಡಿದವು. ಆ ಪೆಟ್ಟು ದೂರದಿಂದ ಉರುಳಿ ಬರುವ ನೀರಿನಂತೆ ಕೇಳಿಸುವುದು ಅದಕ್ಕೇ.

ನೀರು ಎಂದೆ. ಆ ಹಾಡನ್ನು ಮೊದಲು ಮುದ್ರಿಸಿದವರು ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್, 1929ರಲ್ಲಿ. ಎರಡು ವರ್ಷ ಹಿಂದೆ, 1927ರಲ್ಲಿ, ಮಿಸಿಸಿಪ್ಪಿ ನದಿ ಒಡ್ಡು ಒಡೆದು ಹರಿದಾಗ ಆರು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಅವರಲ್ಲಿ ಲಕ್ಷಾಂತರ ಮಂದಿ ಕಪ್ಪು ಜನ. ಒಡ್ಡು ಕಟ್ಟುವ ಕೆಲಸಕ್ಕೆ ಕಪ್ಪು ಜನರಲ್ಲಿ ಅನೇಕರನ್ನು ಬಲವಂತವಾಗಿ ಹಚ್ಚಲಾಗಿತ್ತು. ಮೂಲ ಹಾಡಿನಲ್ಲಿ ಎರಡು ಗಿಟಾರ್ ಮತ್ತು ಒಂದು ದನಿ ಮಾತ್ರ. ಪ್ರವಾಹದ ಭೀತಿ ಮಾತಿನಲ್ಲಿದೆ, ನಡೆ ಹಗುರವಾಗಿದೆ. 1971ರ ಆವೃತ್ತಿಯಲ್ಲಿ ಭೀತಿ ಡ್ರಮ್ಮಿಗೆ ಇಳಿದಿದೆ. ಈ ಹಾಡಿನ ರಚನೆಕಾರರ ಪಟ್ಟಿಯಲ್ಲಿ ಮೆಂಫಿಸ್ ಮಿನ್ನಿಯ ಹೆಸರನ್ನು ತಂಡ ಸೇರಿಸಿತು ಎಂಬುದನ್ನೂ ಬೇರುನೀರು ಅವರಿಗೆ ನೆನಪಿಸಬಯಸುತ್ತೇನೆ. ಎರಡೂ ಧ್ವನಿಮುದ್ರಿಕೆಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿ. ಹಾಡು ಹೇಗೆ ಆಯಿತು, ಯಾರದಾಗಿತ್ತು ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು ಕಷ್ಟ.

ಫೇಡರ್ ಎತ್ತಿ ತೋರಿಸುವ ಪದ್ಧತಿಗೆ ನನಗೆ ತಿಳಿದಿರುವ ಅತ್ಯುತ್ತಮ ಮಾದರಿ 1992ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಬಂದ, ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಕುರಿತ ಚಿತ್ರ. ನಿರ್ಮಾಪಕ ಜಾರ್ಜ್ ಮಾರ್ಟಿನ್ ತಮ್ಮದೇ ಟೇಪುಗಳ ಮುಂದೆ ಕುಳಿತು ಒಂದೊಂದೇ ದನಿಯನ್ನು ಹೊರತೆಗೆಯುತ್ತಾರೆ. ಆ ಆಲ್ಬಮ್ ಆದದ್ದು ನಾಲ್ಕೇ ಟ್ರ್ಯಾಕಿನ, ಅಂದರೆ ಟೇಪಿನಲ್ಲಿ ನಾಲ್ಕು ಸದ್ದಿನ ಸಾಲುಗಳನ್ನಷ್ಟೇ ಬೇರೆ ಬೇರೆ ಇಡಬಲ್ಲ ಯಂತ್ರಗಳಲ್ಲಿ ಎಂಬುದನ್ನು ಮರೆಯಬೇಡಿ. ನಾಲ್ಕು ತುಂಬಿದ ಮೇಲೆ ಅವನ್ನೆಲ್ಲ ಸೇರಿಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಬೇಕು. ಇಳಿಸಿದ ಮೇಲೆ ಅದರೊಳಗಿನ ಯಾವುದನ್ನೂ ಹೆಚ್ಚು ಕಡಿಮೆ ಮಾಡುವಂತಿಲ್ಲ. ಪ್ರತಿ ಹೆಜ್ಜೆಯಲ್ಲೂ ತೀರ್ಮಾನ ಮಾಡಿ ಮುಂದೆ ಹೋಗಬೇಕಿತ್ತು.

ಅದರ ಕೊನೆಯ ಹಾಡು ‘ಎ ಡೇ ಇನ್ ದ ಲೈಫ್’. ನಲವತ್ತು ಮಂದಿಯ ವಾದ್ಯವೃಂದಕ್ಕೆ ಮಾರ್ಟಿನ್ ಹೇಳಿದ್ದೆಂದರೆ, ನಿಮ್ಮ ನಿಮ್ಮ ವಾದ್ಯದ ಅತಿ ತಗ್ಗಿನ ಸ್ವರದಿಂದ ಆರಂಭಿಸಿ 24 ಆವರ್ತಗಳಲ್ಲಿ ಅತಿ ಎತ್ತರದ ಸ್ವರಕ್ಕೆ ಹೋಗಿ ಸೇರಿ, ಪಕ್ಕದವರನ್ನು ಅನುಸರಿಸಬೇಡಿ ಎಂದು. ಒಟ್ಟಾಗಿ ನುಡಿಸುವುದನ್ನೇ ಬದುಕಿಡೀ ಕಲಿತವರಿಗೆ ಅದು ಎಷ್ಟು ಕಷ್ಟದ ಸೂಚನೆ ಎಂದು ಯೋಚಿಸಿ. ಆಮೇಲೆ ಬರುವ ಕಟ್ಟಕಡೆಯ ಪಿಯಾನೊ ಸ್ವರಗುಚ್ಛವನ್ನು ಹಲವು ಕೈಗಳು ಹಲವು ಪಿಯಾನೊಗಳ ಮೇಲೆ ಒಮ್ಮೆಗೇ ಒತ್ತಿದವು. ನಾದ ಕ್ಷೀಣಿಸುತ್ತಾ ಹೋದಂತೆ ಎಂಜಿನಿಯರ್ ಜೆಫ್ ಎಮೆರಿಕ್ ಫೇಡರ್ ಏರಿಸುತ್ತಾ ಹೋದರು, ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ. ನಾದ ಸಣ್ಣದಾಗುತ್ತದೆ, ಕೊಠಡಿ ದೊಡ್ಡದಾಗುತ್ತದೆ. ಕೊನೆಕೊನೆಗೆ ಯಾರದೋ ಕುರ್ಚಿ ಕಿರ್ರೆಂದದ್ದೂ ಅದರಲ್ಲಿ ಸಿಕ್ಕಿಕೊಂಡಿದೆ. ಒಳ್ಳೆಯ ಹೆಡ್‌ಫೋನಿನಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಕೇಳಿದರೆ ಸಿಗುತ್ತದೆ.


ಬೇರುನೀರು ಬರೆದದ್ದು:

ರೀಲುಸುರುಳಿಯವರ ಉದಾಹರಣೆಯನ್ನು ಒಪ್ಪುತ್ತೇನೆ. ಎರಡನ್ನೂ ಈಗತಾನೇ ಹಿಂದೆ ಮುಂದೆ ಕೇಳಿದೆ. ಮೆಂಫಿಸ್ ಮಿನ್ನಿಯ ಗಿಟಾರ್ ಎಷ್ಟು ಚುರುಕಾಗಿದೆ ಎಂಬುದನ್ನು ನಾನು ಇಷ್ಟು ಗಮನವಿಟ್ಟು ಹಿಂದೆಂದೂ ಕೇಳಿರಲಿಲ್ಲ. ಹಾಗೆಂದು ನನ್ನ ಮೂಲ ಮಾತನ್ನು ಬಿಡುವುದಿಲ್ಲ. ಕಪ್ಪುತಟ್ಟೆಯವರು ಮೆಚ್ಚಿದ ಆಲ್ಬಮ್ಮಿನಲ್ಲೇ ನೋಡಿ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಪದವೇ ಇಲ್ಲದ ಆ ಆರ್ತನಾದ ಕ್ಲೇರ್ ಟಾರಿ ಅವರದು. 1973ರ ಜನವರಿಯ ಒಂದು ಭಾನುವಾರ ಸಂಜೆ ಬಂದು, ಕೆಲವೇ ಸಲ ಹಾಡಿ, 30 ಪೌಂಡ್ ಪಡೆದು ಹೋದರು. ತಾವು ಅತಿಯಾಗಿ ಹಾಡಿದೆವೇನೋ ಎಂದು ಅವರಿಗೇ ಸಂಕೋಚವಾಗಿತ್ತಂತೆ. 2004ರಲ್ಲಿ ಅವರು ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು, ಆ ಮೇಲಿನ ಮುದ್ರಣಗಳಲ್ಲಿ ರೈಟ್ ಅವರ ಜೊತೆಗೆ ಟಾರಿಯ ಹೆಸರೂ ರಚನೆಕಾರರಾಗಿ ಬರುತ್ತಿದೆ. ಆ ಹಾಡಿನ ಗಾಯನವನ್ನು ತೆಗೆದುಬಿಟ್ಟರೆ ಉಳಿಯುವುದೇನು ಎಂಬುದನ್ನು ತೋರಿಸಲು ನಿಮ್ಮ ಫೇಡರಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.


ಮೊದಲಕೇಳುಗ ಬರೆದದ್ದು:

ಎಲ್ಲರಿಗೂ ಧನ್ಯವಾದ. ಹೊಸಬರು ಮೊದಲು ಯಾವುದನ್ನು ನೋಡಬೇಕು? ಇತಿಹಾಸದ ಉದ್ದ ಸರಣಿಯನ್ನೋ, ಒಂದೇ ಆಲ್ಬಮ್ ಕುರಿತದ್ದನ್ನೋ?


ತಂತಿಮೀಟು ಬರೆದದ್ದು:

ಒಂದೇ ಆಲ್ಬಮ್ ಕುರಿತದ್ದನ್ನು, ಅದೂ ಆ ಆಲ್ಬಮ್ ಅನ್ನು ಮೊದಲು ಎರಡು ಮೂರು ಸಲ ಪೂರ್ತಿ ಕೇಳಿದ ಮೇಲೆ. ಕೇಳದೆ ನೋಡಿದರೆ ಬಿಚ್ಚಿದ ಎಳೆಗಳು ಎಳೆಗಳಾಗಿಯೇ ಉಳಿಯುತ್ತವೆ.

ತಾಳ್ಮೆಯಿದ್ದರೆ ಬೀಟಲ್ಸ್ ಕುರಿತ, ಪೀಟರ್ ಜಾಕ್ಸನ್ ಅವರ 2021ರ ‘ಗೆಟ್ ಬ್ಯಾಕ್’ ನೋಡಿ. ಮೂರು ಭಾಗ, ಹತ್ತಿರ ಹತ್ತಿರ ಎಂಟು ಗಂಟೆ. ನಿರೂಪಕರ ದನಿಯೇ ಇಲ್ಲ. 1969ರ ಜನವರಿಯ ಒಂದು ಬೆಳಗ್ಗೆ ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರನ್ನು ಸಾದಾ ಗಿಟಾರಿನಂತೆ ಬಡಿಯುತ್ತಾ ಏನನ್ನೋ ಗುನುಗುತ್ತಾರೆ. ಎದುರಿಗೆ ಜಾರ್ಜ್ ಹ್ಯಾರಿಸನ್ ಆಕಳಿಸುತ್ತಾರೆ, ರಿಂಗೊ ಸ್ಟಾರ್ ಸುಮ್ಮನೆ ನೋಡುತ್ತಿದ್ದಾರೆ, ಜಾನ್ ಲೆನನ್ ಇನ್ನೂ ಬಂದಿಲ್ಲ. ಅರ್ಥವಿಲ್ಲದ ಗುನುಗಿನಿಂದ ಒಂದು ಪದ ಮೂಡುತ್ತದೆ, ಪದಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ, ಎರಡು ಮೂರು ನಿಮಿಷದಲ್ಲಿ ಜಗತ್ತಿಗೇ ಗೊತ್ತಿರುವ ಹಾಡು ಕೊಠಡಿಯಲ್ಲಿ ಬಂದು ನಿಂತಿರುತ್ತದೆ. ಹಾಡು ಹುಟ್ಟುವುದನ್ನು ನಾನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿಲ್ಲ.


ರೀಲುಸುರುಳಿ ಬರೆದದ್ದು:

ತಂತಿಮೀಟು ಅವರ ಮಾತಿಗೆ ಒಂದು ತಾಂತ್ರಿಕ ವಿವರ ಸೇರಿಸುತ್ತೇನೆ. ಆ ಜನವರಿಯಲ್ಲಿ ಸುಮಾರು 60 ಗಂಟೆಗಳ ಚಿತ್ರ, 150 ಗಂಟೆಗಳಿಗೂ ಹೆಚ್ಚಿನ ಧ್ವನಿ ಮುದ್ರಣವಾಗಿತ್ತು. ಧ್ವನಿಯ ಹೆಚ್ಚಿನ ಪಾಲು ಇದ್ದದ್ದು ಒಂದೇ ಟ್ರ್ಯಾಕಿನ ಟೇಪಿನಲ್ಲಿ. ಮಾತು, ಗಿಟಾರ್, ಡ್ರಮ್ಸ್ ಎಲ್ಲವೂ ಕಲಸಿಹೋಗಿದ್ದವು. ಜಾಕ್ಸನ್ ಅವರ ತಂಡ ಕಂಪ್ಯೂಟರಿಗೆ ಪ್ರತಿಯೊಂದು ವಾದ್ಯದ ಮತ್ತು ದನಿಯ ಗುಣವನ್ನು ಕಲಿಸಿ, ಕಲಸಿದ್ದನ್ನು ಮರಳಿ ಬಿಡಿಸಿತು. ಅದೇ ವಿಧಾನದಿಂದ ಲೆನನ್ ಅವರ ಹಳೆಯ ಕ್ಯಾಸೆಟ್ಟಿನ ದನಿಯನ್ನು ಪಿಯಾನೊದಿಂದ ಬೇರ್ಪಡಿಸಿ 2023ರಲ್ಲಿ ‘ನೌ ಅಂಡ್ ದೆನ್’ ಹಾಡನ್ನು ಹೊರತಂದರು. ಮಾರ್ಟಿನ್ ಅವರ ಕಾಲದಲ್ಲಿ ಒಮ್ಮೆ ಬೆರೆಸಿದ್ದು ಬೆರೆತೇಹೋಯಿತು ಎಂದೆನಲ್ಲ, ಆ ಮಾತು ಈಗ ಪೂರ್ತಿ ನಿಜವಲ್ಲ. ಫೇಡರ್‌ಗಳೇ ಇಲ್ಲದ ಕಡೆಯೂ ಫೇಡರ್‌ಗಳನ್ನು ಹುಟ್ಟಿಸಬಹುದಾಗಿದೆ.


ಕಪ್ಪುತಟ್ಟೆ ಬರೆದದ್ದು:

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಬೇರುನೀರು ಅವರು ಹೇಳಿದ ಮ್ಯಾಂಚೆಸ್ಟರ್ ರೈಲು ನಿಲ್ದಾಣದ ದೃಶ್ಯವನ್ನು ಹುಡುಕಿ ನೋಡಿದೆ. ಆ ಹಾಡಿನ ನಡುವಿನ ಗಿಟಾರ್ ಭಾಗವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿದೆ. ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು ಎಂಬ ಅವರ ಮಾತನ್ನು ನನ್ನ ಮೊದಲ ಬರಹದಲ್ಲಿ ನಾನು ಹಗುರವಾಗಿ ತೆಗೆದುಕೊಂಡಿದ್ದೆ, ಅದನ್ನು ಈಗ ತಿದ್ದಿಕೊಳ್ಳುತ್ತೇನೆ.

ನಿನ್ನೆ ರಾತ್ರಿ ಒಂದು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಫ್ಯಾನನ್ನೂ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು ‘ಎ ಡೇ ಇನ್ ದ ಲೈಫ್’ ಕೇಳಿದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ, ನಾದ ಮುಗಿಯಿತೆಂದು ನನ್ನ ಕಿವಿಯೇ ಮೊದಲು ಬಿಟ್ಟುಕೊಟ್ಟಿತ್ತು. ಮೂರನೆಯ ಸಲ ಕಣ್ಣು ಮುಚ್ಚಿ, ಉಸಿರು ಹಿಡಿದು, ಕೊನೆಯ ಎಳೆಯ ಬೆನ್ನು ಹತ್ತಿ ಹೋದೆ. ಪಿಯಾನೊ ಹೆಚ್ಚುಕಡಿಮೆ ಇಲ್ಲವಾಗಿತ್ತು, ಬರಿಯ ಗಾಳಿ ಉಳಿದಿತ್ತು. ಆಗ ಕಿರ್ರೆಂದಿತು, ಅತಿ ಸಣ್ಣಗೆ, 1967ರ ಫೆಬ್ರವರಿಯಲ್ಲಿ ಲಂಡನ್ನಿನ ಆ ಕೊಠಡಿಯಲ್ಲಿ ಯಾರೋ ಕುಳಿತಲ್ಲೇ ಸ್ವಲ್ಪ ಸರಿದದ್ದು.